ಹಿಂದಿನ ಸೀಟು

ನಾಲ್ವರು ಹೋಗಿದ್ದ ದೋಣಿಯಿಂದ ಮೂವರು ಮಾತ್ರ ಬದುಕಿ ಬಂದರೆಂಬ ಸುದ್ದಿ ಕೇಣಿ ಊರಿಗೆ ತಲುಪಿದ್ದು ಬೆಳಗಿನ ಎಂಟು ಗಂಟೆಗೆ. ಶ್ರಾವಣದ ಹುಣ್ಣಿಮೆಯ ದಿನ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ಮೀನುಗಾರಿಕೆ ಶುರುವಾಗಿ ಆಗಿನ್ನೂ ನಾಲ್ಕು ದಿನವಾಗಿತ್ತು. ದೇವಿದಾಸ ದಂಡೆಗೆ ಓಡಿದಾಗ ಆ ಮೂವರೂ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟೇ ಮರಳಿನ ಮೇಲೆ ಕುಳಿತಿದ್ದರು. ಅವನ ಮಗ ಕಿಶನ ಅವರಲ್ಲಿ ಇರಲಿಲ್ಲ.

"ಗಾಳಿ ಎದ್ದ ಕೂಡ್ಲೆ ಜಾಕೆಟ್ ಹಾಕ್ಕೊ ಅಂದೆ, ಕಾಕಾ," ಎಂದ ಆ ಮೂವರಲ್ಲೊಬ್ಬನಾದ ಜಟ್ಟಿ. "ನಂದು ಮನೇಲಿ ಅದೆ ಅಂದ. ದೋಣಿ ಮಗುಚಿ ಅದರ ಅಂಚು ತಲೆಗೆ ಬಡೀತು. ಈಜೂಕೆ ಅವಂಗೆ ಎಚ್ಚರ ಇರ್ಲಿಲ್ಲ."

ದೇಹ ಮರುದಿನ ಸಿಕ್ಕಿತು. ಜಾಕೆಟ್ ಮಾತ್ರ ಮನೆಯಲ್ಲಿ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಸುಡುಗಾಡಿನಿಂದ ಮರಳುವಷ್ಟರಲ್ಲಿ ದಂಡೆಯಲ್ಲಿ ಮಾತು ಹುಟ್ಟಿಯಾಗಿತ್ತು: ಅದನ್ನು ಮಾರಿ ಕುಡಿದಿದ್ದಾನೆ. ಕಿಶನ ಕುಡಿಯುತ್ತಲೇ ಇರಲಿಲ್ಲವೆಂದಲ್ಲ. ಹಬ್ಬಕ್ಕೊಮ್ಮೆ, ಯಾರಾದರೂ ಕರೆದರೆ. ಸೂತಕದ ಮನೆಯಲ್ಲಿ ದೇವರಿಗೆ ದೀಪ ಹಚ್ಚುವಂತಿರಲಿಲ್ಲ. ಸತ್ತವನ ಮೇಲೆ ಈ ಅಪವಾದ ನಿಲ್ಲದಿರಲಿ ಎಂದು ದೇವಿದಾಸ ಮನಸ್ಸಿನಲ್ಲೇ ದೇವರನ್ನು ಬೇಡಿಕೊಂಡ.

ಕ್ರಿಯೆಗಳೆಲ್ಲ ಮುಗಿದ ಮರುದಿನ ಅಂಕೋಲೆಯಿಂದ ಗ್ಯಾರೇಜಿನ ಆಶಿಷ ಬಂದ. ಕಿಶನನ ಗೆಳೆಯ. ವರ್ಷಾಂತಿಕವಾಗುವವರೆಗೆ ಸತ್ತವನ ಗಾಡಿಯನ್ನು ಯಾರೂ ಹತ್ತಬಾರದೆಂಬುದು ಆ ಮನೆಯ ಕಟ್ಟಳೆ. ಒಂದು ವರ್ಷ ನಿಲ್ಲುವ ಬೈಕನ್ನು ಉಪ್ಪುಗಾಳಿ ತಿನ್ನದಂತೆ ಇಡಬೇಕಿತ್ತು. ಇಬ್ಬರೂ ಸೇರಿ ಅದನ್ನು ಸಿಹಿನೀರಿನಲ್ಲಿ ತೊಳೆದರು, ಪೆಟ್ರೋಲು ಬಸಿದರು, ಚೈನಿಗೆ ಗ್ರೀಸ್ ಬಳಿದರು. ಆಶಿಷ ಪ್ಲಗ್ ಬಿಚ್ಚಿದ ಕೂಡಲೇ ದೇವಿದಾಸ ಆ ತೂತಿಗೆ ಒಂದು ಚಮಚ ಎಣ್ಣೆ ಬಿಟ್ಟು, ಕಿಕ್ಕರನ್ನು ಕೈಯಿಂದಲೇ ಮೆಲ್ಲಗೆ ಎರಡು ಸಲ ಒತ್ತಿದ.

"ಕಾಕಾ, ನಿಮಗೆ ಇದೆಲ್ಲ ಯಾರು ಕಲಿಸ್ದವ್ರು?"

"ಮಳೆಗಾಲಕ್ಕೆ ದೋಣಿ ಮಶೀನು ಮತ್ತೆ ಹ್ಯಾಂಗೆ ಇಡ್ತರು ಅಂತ ಮಾಡಿದ್ದೆ? ನೀ ಹುಟ್ಟೂಕಿಂತ ಮುಂಚೆಯಿಂದ ಇದೇ ಕೆಲಸ."

"ಹಂಗಾರೆ ನಾಳೆಯಿಂದ ನನ್ನ ಗ್ಯಾರೇಜಿಗೇ ಬನ್ನಿ."

ಬ್ಯಾಟರಿ ತೆಗೆಯಲು ಸೀಟು ಬಿಚ್ಚಿದಾಗ ಆಶಿಷ ಅದರ ಹಿಂಭಾಗವನ್ನು ಒತ್ತಿ ನೋಡಿದ. "ಇದು ಉಬ್ಬಿದೆ. ನೀರು ಕುಡ್ದಿರಬೇಕು. ಒಣಗಿಸ್ದೆ ಇಟ್ರೆ ಬೂಷ್ಟು ಹಿಡೀತದೆ." ಸೀಟನ್ನು ಮಗುಚಿದ. ಕೆಳಗೆ ರೆಕ್ಸಿನ್ನಿನ ಅಂಚನ್ನು ನೈಲಾನ್ ದಾರದಿಂದ ಹೊಲಿಯಲಾಗಿತ್ತು. ಹರಿದ ಬಲೆಯನ್ನು ಸೇರಿಸುವಾಗ ಹಾಕುವ ಗಂಟು. ಕಿಶನನ ಕೈ ಹಿಡಿದು ಆ ಗಂಟು ಕಲಿಸಿದವನು ದೇವಿದಾಸನೇ.

"ತಾಳು, ನಾ ಬಿಚ್ತೆ," ಎಂದ.

ರೆಕ್ಸಿನ್ ಎತ್ತಿದರೆ, ಹಳೆಯ ಸ್ಪಂಜಿನ ಮೇಲೆ ಬೇರೆ ಎರಡು ದಪ್ಪ ತುಂಡುಗಳು. ಒಂದಕ್ಕೆ ಕಿತ್ತಳೆ ಬಟ್ಟೆ ಇನ್ನೂ ಅಂಟಿಕೊಂಡಿತ್ತು, ಅದರ ಮೇಲೆ ಹೊಳೆಯುವ ಪಟ್ಟಿ.

ದೇವಿದಾಸನ ಕೈ ಆ ಪಟ್ಟಿಯ ಮೇಲೆ ಹಾಗೇ ನಿಂತಿತು. ವರ್ಷಗಟ್ಟಲೆ ಮೀನುಬುಟ್ಟಿ ಹೊತ್ತು ಅವನ ಹೆಂಡತಿ ದುರ್ಗಿಯ ಸೊಂಟ ಬಿದ್ದುಹೋಗಿತ್ತು. ತಿಂಗಳಿಗೊಮ್ಮೆ ಕಿಶನ ತಾಯಿಯನ್ನು ಹಿಂದೆ ಕೂರಿಸಿಕೊಂಡು ಕಾರವಾರದ ಡಾಕ್ಟರ ಬಳಿ ಹೋಗುತ್ತಿದ್ದ. ಆಷಾಢದಲ್ಲಿ ಹೋಗಿ ಬಂದ ದಿನ ಅವಳು ಅಂಗಳದಲ್ಲಿ ಇಳಿದು, "ಈ ಸಲ ಹೊಂಡ ಬಂದದ್ದೇ ತಿಳೀಲಿಲ್ಲ," ಎಂದು ನೆರೆಯವರಿಗೆಲ್ಲ ಹೇಳಿದ್ದಳು. ಮಗ ಸುಮ್ಮನೆ ನಕ್ಕಿದ್ದ.

"ಕಾಕಾ, ಇದನ್ನ ದಂಡೆಗೆ ತಕೊಂಡು ಹೋಗ್ವಾ," ಎಂದ ಆಶಿಷ. "ಮಾರಿ ಕುಡ್ದ ಅಂದವ್ರ ಮುಖಕ್ಕೆ ಹಿಡಿವಾ."

"ದಂಡೆಗೆ ಹೋದ ಸುದ್ದಿ ಸಂಜೆಯೊಳಗೆ ಅವಳ ಕಿವಿಗೆ ಬತ್ತದೆ."

"ಬರ್ಲಿ. ಮಗ ಅಂಥವ ಅಲ್ಲ ಅಂತ ಗೊತ್ತಾಗ್ಲಿ."

"ಅದರ ಜೊತಿಗೆ, ಅವ ಯಾರ ಸೊಂಟಕ್ಕೆ ಅಂತ ಜಾಕೆಟ್ ಕೊಯ್ದ ಅಂತ್ಲೂ ಗೊತ್ತಾಗ್ತದೆ."

ದೇವಿದಾಸ ಆ ಎರಡು ತುಂಡುಗಳನ್ನು ಇದ್ದಲ್ಲೇ ಇಟ್ಟು, ರೆಕ್ಸಿನ್ ಎಳೆದು ಹೊಲಿಯತೊಡಗಿದ. ಕೊನೆಯ ಗಂಟು ಹಾಕುವಾಗ ದುರ್ಗಿ ಒಂದು ಕೈಯಿಂದ ಸೊಂಟ ಹಿಡಿದುಕೊಂಡು ಚಹಾ ತಂದಳು.

"ಸೀಟು ಎಂತಕೆ ಬಿಚ್ಚಿದ್ರಿ?"

"ನೀರು ಹೊಕ್ಕಿತ್ತಾ ನೋಡೂಕೆ."

ಅವಳು ಅಲ್ಲೇ ನಿಂತಳು. ದಿನವೂ ಕೇಳುವುದನ್ನೇ ಕೇಳಿದಳು. "ಜಾಕೆಟ್ಟು ಎಲ್ಲಾದ್ರೂ ಸಿಕ್ತಾ?"

ದೇವಿದಾಸ ದಾರವನ್ನು ಹಲ್ಲಿನಿಂದ ಕಡಿದ. "ಹುಡುಕಿದ್ದು ಸಾಕು. ಜನ ಹೇಳೂದೇ ಖರೆ. ಮಾರಿ ಕುಡ್ದಿದ್ದ."

ದುರ್ಗಿ ಚಹಾದ ಲೋಟಗಳನ್ನು ಜಗಲಿಯ ಮೇಲಿಟ್ಟು ಗಂಡನ ಮುಖವನ್ನೇ ನೋಡಿದಳು.

"ಊರವ್ರು ಹೇಳಿದ್ರು, ತಡ್ಕೊಂಡೆ. ನಿಮ್ಮ ಬಾಯಲ್ಲೂ ಅದೇ ಬಂತಲ್ಲ. ಇನ್ನು ನನ್ನ ಹತ್ರ ಮಾತಾಡ್ಬೇಡಿ," ಎಂದು ಹೇಳಿ ಒಳಗೆ ಹೋದಳು.

ದೇವಿದಾಸ ಗ್ರೀಸ್ ಹಿಡಿದ ಕೈಗಳನ್ನು ಒರೆಸಿಕೊಳ್ಳದೆ ಹಾಗೇ ಜೋಡಿಸಿ ಕಣ್ಣು ಮುಚ್ಚಿದ.

"ನಾರಾಯಣಾ, ಸುಳ್ಳು ನನ್ನದು, ಪಾಪವೂ ನನ್ನದೇ ಆಗಲಿ. ನಾನು ಈಗ ಆಡಿದ ಮಾತು ಕೇಳಿಸದಷ್ಟು ದೂರ ಅವನನ್ನು ಕರೆದುಕೊಂಡು ಹೋಗು. ನನ್ನ ಮಗನಿಗೆ ಶಾಂತಿ ಕೊಡು."