ಮತ್ತೆ ಹರಿದು ಬಂದ ಅಂಗಿ

ಹೊಲಿಗೆಯಕ್ಕ ಕಾಲರಿನ ಒಳಮೈಗೆ ತೇಪೆ ಹಾಕುತ್ತಿದ್ದಾಗ ಬಾಗಿಲ ಬೆಳಕಿಗೆ ಯಾರೋ ಅಡ್ಡ ನಿಂತರು. ಅವಳು ತಲೆ ಎತ್ತಿ ನೋಡಿದಳು. ಎದುರಿನ ಕಟ್ಟೆಯ ಮೇಲೆ ದಿನವಿಡೀ ಕೂರುವ ಪುಂಡರಲ್ಲಿ ದೊಡ್ಡವನು. ಬೀದಿಯವರು ಬೆನ್ನ ಹಿಂದೆ ಅವನಿಗಿಟ್ಟ ಹೆಸರು ಕಟ್ಟೆ ಯಜಮಾನ.

"ಆ ಮುದುಕನ ಅಂಗಿ ತಾನೇ ಅಕ್ಕಾ?" ಅವನು ಅವಳ ಕತ್ತರಿಯನ್ನು ಎತ್ತಿ ನೋಡಿ, ಮೆಲ್ಲಗೆ ಕೆಳಗಿಟ್ಟ. "ನಾವು ಹರಿಯೋದು, ನೀವು ಹೊಲಿಯೋದು. ಹೀಗಾದ್ರೆ ಹೇಗೆ? ಅಂದ ಹಾಗೆ, ಮಗನ ಕೈ ಈಗ ಹೇಗಿದೆ?"

ಅವನು ಹೋದ ಮೇಲೆ ಸೂಜಿಗೆ ದಾರ ಪೋಣಿಸಲಾಗಲಿಲ್ಲ. ಮಗನ ಕೈ ಮುರಿದವನು ಅವನೇ. ಕಣ್ಣಾರೆ ಕಂಡದ್ದನ್ನು ಪೊಲೀಸ್ ಸಾಹೇಬರಿಗೆ ಬರೆದು, ಅಂಚೆಚೀಟಿಯನ್ನೂ ಅಂಟಿಸಿ, ಮಿಷನ್ನಿನ ಡ್ರಾಯರಿನಲ್ಲಿಟ್ಟಿದ್ದಳು. ಒಂದು ಮಳೆಗಾಲ ಹೋಗಿ ಇನ್ನೊಂದು ಬಂದರೂ ಕಾಗದ ಅಲ್ಲೇ. ಬಟ್ಟೆ ತುಂಬಿದ ಅಂಗಡಿಗೆ ಅವರು ಗೀರುವ ಒಂದು ಬೆಂಕಿಕಡ್ಡಿ ಸಾಕಲ್ಲವೇ?

ಮುದುಕನನ್ನು ಕಂಡರೆ ಅವಳಿಗೂ ಆಗದು. ಬೀದಿ ಅಗಲವಾಗಲೇಬೇಕೆಂದು ಹಟ ಹಿಡಿದು, ಎಲ್ಲರ ಅಂಗಡಿಯ ಮುಂಭಾಗ ಕೆಡವಿಸಲು ಹೊರಟ ಮುಖಂಡ. ಸ್ವಂತ ಪಕ್ಷದವರೇ ಕೈಬಿಟ್ಟಿದ್ದರು. ಆದರೂ ವಾರವಾರ ಚೌಕದಲ್ಲಿ ಸ್ಟೂಲು ಹಾಕಿಕೊಂಡು ಒಬ್ಬನೇ ಭಾಷಣಕ್ಕೆ ನಿಲ್ಲುತ್ತಿದ್ದ. ಕಟ್ಟೆಯ ಹುಡುಗರು ಕೊರಳಪಟ್ಟಿ ಹಿಡಿದು ಎಳೆದು ಕೆಡವುತ್ತಿದ್ದರು. ಅಂಗಿ ಅವಳ ಅಂಗಡಿಗೆ ಬರುತ್ತಿತ್ತು.

ಮಧ್ಯಾಹ್ನ ಮುದುಕನೇ ಬಂದ, ಹುಬ್ಬಿನ ಗಾಯದ ಮೇಲೊಂದು ಹೊಸ ಪಟ್ಟಿ. ಹೊಲಿಗೆ ಸೊಟ್ಟಗಿದೆ ಎಂದು ಗೊಣಗಿದ, ಕೂಲಿ ಜಾಸ್ತಿಯಾಯಿತು ಎಂದ. ಅಂಗಿ ತೊಟ್ಟು ಗುಂಡಿ ಹಾಕಿಕೊಳ್ಳಹೋದರೆ ಬೆರಳುಗಳು ನಡುಗಿ ಗುಂಡಿ ಜಾರಿ ಜಾರಿ ಹೋಗುತ್ತಿತ್ತು. ಅವಳು ಅದನ್ನೇ ನೋಡುತ್ತ ನಿಂತಳು.

"ನಿಮಗೂ ಹೆದರಿಕೆ ಆಗುತ್ತಾ?"

"ಆಗದೆ ಏನಮ್ಮಾ? ರಾತ್ರಿಯೆಲ್ಲ ನಿದ್ದೆ ಇಲ್ಲ. ಆದ್ರೆ ಹೋದ ವಾರದ ಮಾತು ಅರ್ಧಕ್ಕೇ ನಿಂತಿದೆ, ಮುಗಿಸಬೇಕು." ಮೆಟ್ಟಿಲಿಳಿದವನು ತಿರುಗಿ ನೋಡಿದ. "ನಿಮ್ಮ ಜಗಲೀನೂ ಒಡೆಯೋದೇ, ನೆನಪಿರಲಿ."

ಇವನ ಬಾಯಿಗಿಷ್ಟು ಮಣ್ಣು ಹಾಕ, ಎಂದುಕೊಂಡಳು. ಅವನು ಕಟ್ಟೆಯ ಮುಂದೆಯೇ ಹಾದು ಹೋದ. ಸಿಳ್ಳೆ ಬಿತ್ತು, ಹಿಡಿ ಮಣ್ಣೂ ಬಿತ್ತು. ಭುಜ ಕೊಡವಿಕೊಂಡು ಸ್ಟೂಲು ಹತ್ತಿದ.

"ಹಾಳು ಮುದುಕ," ಎಂದು ಬೈಯುತ್ತಲೇ ಅವಳು ಡ್ರಾಯರು ಎಳೆದಳು.

ಅಂಚೆ ಡಬ್ಬಿ ಇದ್ದದ್ದು ಆ ಕಟ್ಟೆಯ ಪಕ್ಕದಲ್ಲೇ. ಕಾಲು ನಡುಗುತ್ತಿತ್ತು, ನಡೆಯುತ್ತಲೂ ಇತ್ತು. ಕಾಗದ ಒಳಗೆ ಬಿದ್ದ ಸದ್ದು ಅವಳಿಗೆ ಕೇಳಿಸಲಿಲ್ಲ. ಕಟ್ಟೆಯ ಮೇಲಿನ ನಗು ನಿಂತದ್ದು ಕೇಳಿಸಿತು.