ಜೋಡಿ ಶಿಕ್ಷಕಿ

ಎರಡು ದೇಶಗಳು ಸೇರಿ ಇಂಗ್ಲಿಷ್ ಶಿಕ್ಷಕರಿಗೆ ನಡೆಸುತ್ತಿದ್ದ ತರಬೇತಿಯಲ್ಲಿ ನೀಲಾಂಬಿಕಾಗೆ ಜೋಡಿಯಾಗಿ ಸಿಕ್ಕವಳು ಕಡಲಾಚೆಯ ಫಿಯೋನಾ. ವಾರಕ್ಕೊಮ್ಮೆ ಇಬ್ಬರೂ ವಿಡಿಯೊದಲ್ಲಿ ಪಾಠದ ಬಗ್ಗೆ ಮಾತಾಡಬೇಕು.

ಆ ದಿನವೂ ಲ್ಯಾಪ್‌ಟಾಪ್ ತೆಗೆಯುವಷ್ಟರಲ್ಲಿ ಗಂಡ ಬಂದ. "ನನ್ನ ಮುಂದ ಇಂಗ್ಲಿಷ್ ಹಾರಸ್ತಿಯೇನು?" ಎಂದವನೇ ಜಡೆ ಹಿಡಿದೆಳೆದು ಅವಳ ಮುಖವನ್ನು ಬಾಗಿಲಿಗೆ ಜಜ್ಜಿದ. ಬಿದ್ದವಳ ಹೊಟ್ಟೆಗೆ ಒದ್ದು ಹೊರಗೆ ಹೋದ.

ತುಟಿಯ ರಕ್ತ ಒರೆಸಿಕೊಂಡು, ಊದಿದ ಕೆನ್ನೆಗೆ ಪೌಡರ್ ಬಳಿದುಕೊಂಡು ಅವಳು ಕ್ಯಾಮೆರಾದ ಮುಂದೆ ಕೂತಳು.

"ಮುಖಕ್ಕೆ ಏನಾಯಿತು?" ಫಿಯೋನಾ ಇಂಗ್ಲಿಷಿನಲ್ಲಿ ಕೇಳಿದಳು.

"ಬಚ್ಚಲಲ್ಲಿ ಜಾರಿ ಬಿದ್ದೆ."

ಫಿಯೋನಾ ಎದ್ದು ಹೋಗಿ ತನ್ನ ಕೋಣೆಯ ಬಾಗಿಲಿಗೆ ಚಿಲಕ ಹಾಕಿ ಬಂದಳು. ಕುತ್ತಿಗೆಯ ಸ್ಕಾರ್ಫ್ ಬಿಚ್ಚಿದಳು. ಐದು ಬೆರಳಿನ ಗುರುತು ನೀಲಿಗಟ್ಟಿತ್ತು.

"ನಾನು ಎಲ್ಲರಿಗೂ ಮೆಟ್ಟಿಲಿಂದ ಬಿದ್ದೆ ಅಂತ ಹೇಳಿದ್ದೇನೆ," ಎಂದಳು.