ದರ್ಭೆಯ ಗೊಂಬೆ

ತಂದೆಯಿಲ್ಲದ ಮಕ್ಕಳ ವಿದ್ಯಾರ್ಥಿವೇತನಕ್ಕೆ ಮಗಳು ಹಾಕಿದ ಅರ್ಜಿ ‘ತಂದೆ ಬದುಕಿದ್ದಾರೆ’ ಎಂಬ ಷರಾದೊಂದಿಗೆ ಮೂರನೇ ಸಲವೂ ತಿರುಗಿ ಬಂದಾಗ, ಗುಲಾಬಿ ತಾನೇ ಕಾಲೇಜಿನ ಕಚೇರಿಗೆ ಬಂದಳು.

“ದೋಣಿ ಮುಳುಗಿ ಒಂಬತ್ತು ವರ್ಷ ಆಯ್ತು ಸರ್. ಹೆಣ ಸಿಗಲಿಲ್ಲ ಅಂತ ದರ್ಭೆಯ ಗೊಂಬೆ ಮಾಡಿ ಸುಟ್ಟದ್ದು. ಮರಣಪತ್ರ ಇಲ್ಲಿದೆ.”

ಗುಮಾಸ್ತ ಅವಳ ಗಂಡನ ಆಧಾರ್ ಸಂಖ್ಯೆಯನ್ನು ಕಂಪ್ಯೂಟರಿಗೆ ಹಾಕಿ ನೋಡಿದ.

“ಏನೋ ತಪ್ಪಾಗಿದೆ ಅಮ್ಮ. ಈ ನಂಬರು ಬೇರೆ ಊರಿನ ರೇಷನ್ ಕಾರ್ಡಲ್ಲಿದೆ. ಹೋದ ತಿಂಗಳು ಹೆಬ್ಬೆಟ್ಟು ಒತ್ತಿ ಅಕ್ಕಿ ತಗೊಂಡಿದ್ದಾರೆ ಅಂತ ತೋರಿಸ್ತದೆ. ಸರಿ ಮಾಡ್ಲಿಕ್ಕೆ ಬರೀತೇನೆ.”

ಗೊಂಬೆಯ ಬೂದಿಯನ್ನು ಕಡಲಿಗೆ ಬಿಟ್ಟ ದಿನದಿಂದ ಬರಿದಾಗಿದ್ದ ಕೊರಳಿಗೆ ಗುಲಾಬಿಯ ಕೈ ತಾನಾಗಿ ಹೋಯಿತು.

“ಎಷ್ಟು ಜನರ ಅಕ್ಕಿ ಸರ್?”

“ನಾಲ್ಕು ಜನರದ್ದು.”